ಹೆಂಚಿನ ಮನೆ, ಒಳಗಿನ ಅಡುಗೆಮನೆ: ಹೊಗೆಗೆ ಸೂರಿನಲ್ಲೇ ದಾರಿ

ಹಳೇ ಮನೆಯ ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸುವುದು ಒಂದು ಮಧ್ಯಾಹ್ನದ ಕೆಲಸ ಎಂದುಕೊಂಡಿದ್ದೆ. ನನಗೆ ಹಿಡಿದದ್ದು ಎರಡು ವರ್ಷ. ಮೂರು ಸಲ ತಪ್ಪು ಮಾಡಿದೆ. ಮೊದಲ ಎರಡು ತಪ್ಪಿಗೆ ದುಡ್ಡು ಹೋಯಿತು. ಮೂರನೆಯದಕ್ಕೆ ನಮ್ಮಮ್ಮನ ಜೀವವೇ ಹೋಗುವುದಿತ್ತು. ನಮ್ಮಂಥ ಹೆಂಚಿನ ಮನೆ ಇರುವ ರೈತರು ಇನ್ನೂ ಬೇಕಾದಷ್ಟು ಜನ ಇದ್ದೀರಿ. ನಾನು ಎಡವಿದ ಕಡೆ ನೀವು ಎಡವಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಯಲಹಂಕ ಹೋಬಳಿಯ ರಾಜಾನುಕುಂಟೆ ಕಡೆಯ ಹಳ್ಳಿ. ಒಂದೂವರೆ ಎಕರೆಯಲ್ಲಿ ರಾಗಿ, ಅವರೆ, ಸ್ವಲ್ಪ ತರಕಾರಿ, ಕಾಲು ಎಕರೆ ಸೇವಂತಿಗೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಕಡೆ ಜಮೀನಿನ ರೇಟು ಎಲ್ಲಿಗೋ ಹೋಯಿತು. ಮಾರಿದವರು ತಾರಸಿ ಮನೆ ಕಟ್ಟಿದರು. ನಾವು ಮಾರಲಿಲ್ಲ, ಹಾಗಾಗಿ ತಾತನ ಕಾಲದ ಮಣ್ಣುಗೋಡೆಯ ಮಂಗಳೂರು ಹೆಂಚಿನ ಮನೆಯೇ ಗತಿ. ಬೇಸರವೇನಿಲ್ಲ. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ.

ಗೋಡೆಗೆ ಯಾಕೆ ಹಾಕಲಿಲ್ಲ?

'ಗೋಡೆಗೆ ಒಂದು ತೂತು ಹೊಡೆದು ಫ್ಯಾನ್ ಕೂರಿಸಿದ್ರೆ ಆಯ್ತಪ್ಪ' ಎಂದು ಎಲ್ಲರೂ ಹೇಳಿದರು. ನಮ್ಮ ಮನೆಯಲ್ಲಿ ಅದು ಆಗುವಂತಿಲ್ಲ. ಒಂದೇ ದೊಡ್ಡ ಮನೆ ಪಾಲಾಗಿ ಮೂರಾಗಿದೆ. ಎಡಕ್ಕೆ ದೊಡ್ಡಪ್ಪನ ಮಕ್ಕಳು, ಬಲಕ್ಕೆ ಚಿಕ್ಕಪ್ಪ. ಅಡುಗೆಮನೆಯ ಎಡ ಬಲ ಎರಡೂ ಗೋಡೆ ಪಾಲಿನ ಗೋಡೆಗಳೇ. ನಮ್ಮ ಒಗ್ಗರಣೆ ಘಾಟನ್ನು ಚಿಕ್ಕಪ್ಪನ ನಡುಮನೆಗೆ ಬಿಡಲು ಆಗುತ್ತದೆಯೇ? ಮುಂದೆ ಪಡಸಾಲೆ, ನಡುಮನೆ. ಹಿಂದೆ ಬಚ್ಚಲು, ಆಮೇಲೆ ಹಿತ್ತಲು. ಹೊರಗಿನ ಗಾಳಿ ಮುಟ್ಟುವ ಒಂದು ಗೋಡೆಯೂ ಅಡುಗೆಮನೆಗೆ ಇಲ್ಲ. ಉಳಿದದ್ದು ಸೂರು ಒಂದೇ.

ಹಳಬರಿಗೂ ಇದೇ ಸಮಸ್ಯೆ ಇತ್ತು. ಹೊಗೆ ಹೋಗಲಿ ಎಂದು ಸೂರಿನಲ್ಲಿ ಗವಾಕ್ಷಿ ಬಿಡುತ್ತಿದ್ದರು. ಆಮೇಲೆ ನಮ್ಮಮ್ಮನ ಕಾಲಕ್ಕೆ ಅಸ್ತ್ರ ಒಲೆ ಬಂತು. ಯಶವಂತಪುರದ ಪಕ್ಕದಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆಂದೇ 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಶುರುವಾಗಿತ್ತು. ಅಲ್ಲಿನವರು ರೂಪಿಸಿದ ಒಲೆ ಅದು. ಮೂರು ಪಾತ್ರೆ ಇಡಬಹುದು, ಬೆಂಕಿಗೆ ಅಡಿಯಿಂದ ಜಾಲರಿಯ ಮೂಲಕ ಗಾಳಿ, ಹೊಗೆಗೆ ಸೂರಿನಾಚೆ ಹೋಗುವ ಕೊಳವೆ. ಕಟ್ಟಿಗೆಯೂ ಉಳಿಯಿತು, ಕಣ್ಣೂ ಉಳಿಯಿತು ಎಂದು ಅಮ್ಮ ಈಗಲೂ ಹೇಳುತ್ತಾರೆ. ಮನೆಗೆ ಗ್ಯಾಸ್ ಬಂದಾಗ ಆ ಒಲೆ ಕಿತ್ತೆವು. ಕೊಳವೆ ತೆಗೆದು ಆ ಜಾಗಕ್ಕೆ ಹೆಂಚು ಮುಚ್ಚಿದೆವು. ಹೊಗೆಗಿದ್ದ ಒಂದೇ ದಾರಿಯನ್ನು ನಾವೇ ಮುಚ್ಚಿದ್ದೇವೆ ಎಂದು ಆಗ ಹೊಳೆಯಲಿಲ್ಲ.

ಗ್ಯಾಸಿಗೆ ಹೊಗೆ ಇಲ್ಲ ಅನ್ನುತ್ತಾರೆ. ಕಟ್ಟಿಗೆಯಷ್ಟು ಇಲ್ಲ, ನಿಜ. ಆದರೆ ಮೆಣಸಿನಕಾಯಿ ಒಗ್ಗರಣೆ, ಕರಿಯುವ ಎಣ್ಣೆಯ ಹೊಗೆ, ಮುದ್ದೆಯ ಎಸರಿನ ಹಬೆ ಎಲ್ಲಿಗೆ ಹೋಗಬೇಕು? ನಮ್ಮ ಮನೆಯವಳಿಗೆ ಕೆಮ್ಮು ಶುರುವಾಯಿತು. ಅಮ್ಮನಿಗೆ ಮೊದಲೇ ದಮ್ಮು, ನಲವತ್ತು ವರ್ಷ ಕಟ್ಟಿಗೆ ಊದಿದ ಫಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಲೋಕದಲ್ಲಿ ಸುಮಾರು 32 ಲಕ್ಷ ಜನ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ ಹೆಚ್ಚಿನ ಪಾಲು ಕಟ್ಟಿಗೆ, ಬೆರಣಿ, ಇದ್ದಿಲು ಉರಿಸುವ ಮನೆಗಳದ್ದು. ಡಾಕ್ಟರು 'ಅಡುಗೆಮನೆಗೆ ಗಾಳಿ ಆಡೋ ಹಾಗೆ ಮಾಡಿ, ಆಮೇಲೆ ಔಷಧಿ ಮಾತು' ಎಂದರು.

ಮೊದಲನೇ ತಪ್ಪು: ಅಟ್ಟಕ್ಕೆ ಬಿಟ್ಟದ್ದು

2021ರ ಆರಂಭದಲ್ಲಿ ಅಟ್ಟದ ಹಲಗೆಯಲ್ಲಿ ಒಂಬತ್ತು ಇಂಚಿನ ತೂತು ಕೊರೆಸಿ ಫ್ಯಾನ್ ಕೂರಿಸಿದೆ. ಘಾಟು ಅಟ್ಟಕ್ಕೆ ಹೋಗುತ್ತದೆ, ಹೆಂಚಿನ ಸಂದಿಯಲ್ಲಿ ತಾನೇ ಆಚೆ ಹೋಗುತ್ತದೆ ಎಂಬ ಲೆಕ್ಕ. ಕೆಳಗೆ ನಿಂತರೆ ಬಹಳ ಚೆನ್ನಾಗಿತ್ತು. ಮಳೆಗಾಲ ಕಳೆದು ಅಟ್ಟ ಹತ್ತಿ ನೋಡಿದರೆ ಹೊಟ್ಟೆ ಉರಿಯಿತು. ಜಂತೆಗಳ ಮೇಲೆ ಎಣ್ಣೆ ಜಿಡ್ಡು, ಅದರ ಮೇಲೆ ಧೂಳು. ಹಬೆ ತಣ್ಣನೆಯ ಹೆಂಚಿಗೆ ತಾಗಿ ನೀರಾಗಿ ತೊಟ್ಟಿಕ್ಕಿ, ರೀಪುಗಳ ಮೇಲೆ ಬಿಳಿ ಬೂಷ್ಟು. ಬಿತ್ತನೆಗೆ ಇಟ್ಟಿದ್ದ ಅವರೆಬೀಜ ಮುಗ್ಗಲು ವಾಸನೆ. ಇಪ್ಪತ್ತು ಸೇರು ಬೀಜ ದನಕ್ಕೆ ಹಾಕಿದೆ.

ಪಾಠ ಇಷ್ಟೇ. ಅಡುಗೆಮನೆಯ ಗಾಳಿಯನ್ನು ಅಟ್ಟಕ್ಕಾಗಲಿ, ಸೂರಿನ ಕೆಳಗಿನ ಸಂದಿಗಾಗಲಿ ಬಿಡಬಾರದು. ಅದು ಪೂರ್ತಿ ಮನೆಯಿಂದ ಆಚೆ, ಆಕಾಶಕ್ಕೇ ಹೋಗಬೇಕು. ಇಲ್ಲದಿದ್ದರೆ ಮರ ಕೊಳೆಯುತ್ತದೆ. ಜಿಡ್ಡು ಹಿಡಿದ ಮರಕ್ಕೆ ಕಿಡಿ ಬಿದ್ದರೆ ಏನಾಗುತ್ತದೆ ಎಂದು ನಾನು ಹೇಳಬೇಕಿಲ್ಲ.

ಎಷ್ಟು ಗಾಳಿ ಬೇಕು? ಒಂದು ಲೆಕ್ಕ

ಎರಡನೇ ಸಲ ಲೆಕ್ಕ ಹಾಕಿಯೇ ಹೊರಟೆ. ನಮ್ಮ ಅಡುಗೆಮನೆ 10 ಅಡಿ ಉದ್ದ, 9 ಅಡಿ ಅಗಲ, ಅಟ್ಟದವರೆಗೆ 9 ಅಡಿ ಎತ್ತರ. ಗುಣಿಸಿದರೆ 810 ಘನ ಅಡಿ. ಅಡುಗೆ ಆಗುವಾಗ ಗಂಟೆಗೆ 15 ಸಲವಾದರೂ ಗಾಳಿ ಬದಲಾಗಬೇಕು ಎಂದು ಇಟ್ಟುಕೊಂಡರೆ, ಅಂದರೆ ನಾಲ್ಕು ನಿಮಿಷಕ್ಕೊಮ್ಮೆ, ನಿಮಿಷಕ್ಕೆ ಸುಮಾರು 200 ಘನ ಅಡಿ ಗಾಳಿ ಎಳೆಯಬೇಕು. ಅಂಗಡಿಯಲ್ಲಿ ಇದನ್ನು ಗಂಟೆಗೆ ಇಷ್ಟು ಘನ ಮೀಟರ್ ಎಂದು ಬರೆದಿರುತ್ತಾರೆ. ನಮ್ಮ 200 ಘನ ಅಡಿ ಅಂದರೆ ಗಂಟೆಗೆ ಸುಮಾರು 340 ಘನ ಮೀಟರ್.

ಡಬ್ಬದ ಮೇಲೆ ಬರೆದ ಅಂಕಿಯನ್ನು ಪೂರ್ತಿ ನಂಬಬೇಡಿ. ಮುಂದೆ ಯಾವ ಅಡ್ಡಿಯೂ ಇಲ್ಲದಾಗ ಎಳೆಯುವ ಗಾಳಿ ಅದು. ಪೈಪು, ಜಾಲರಿ, ಟೋಪಿ ಸೇರಿದ ಮೇಲೆ ಕಡಿಮೆಯಾಗುತ್ತದೆ. ಅದಕ್ಕೇ ಬೇಕಾದ್ದಕ್ಕಿಂತ ಒಂದೂವರೆ ಪಟ್ಟು ಇರುವುದನ್ನು ತೆಗೆದುಕೊಳ್ಳಿ.

ಇನ್ನೊಂದು ವಿಷಯ ಅಂಗಡಿಯವರು ಹೇಳುವುದಿಲ್ಲ. ಗೋಡೆಗೆ ಹಾಕುವ ರೆಕ್ಕೆಯ ಫ್ಯಾನ್ ಪೈಪಿನ ಮೂಲಕ ತಳ್ಳಲಾರದು. ಗಾಳಿ ಬೇಕಾದಷ್ಟು ಎಳೆಯುತ್ತದೆ, ಆದರೆ ಒತ್ತುವ ಶಕ್ತಿ ಇಲ್ಲ. ಎಂಟು ಹತ್ತು ಅಡಿ ಪೈಪು ಇದ್ದರೆ ರೆಕ್ಕೆ ಸುಮ್ಮನೆ ಅಲ್ಲೇ ಸುತ್ತುತ್ತದೆ. ಪೈಪಿಗೆ ಬೇಕಾದ್ದು ಬ್ಲೋವರ್ ಮಾದರಿಯದು, ಕಮ್ಮಾರನ ತಿದಿಯ ಜಾಗಕ್ಕೆ ಬಂದಿದೆಯಲ್ಲ, ಆ ಜಾತಿಯದು.

ಪೈಪಿನ ಗಾತ್ರ: 6 ಇಂಚಿಗೂ 4 ಇಂಚಿಗೂ ಬರೀ ಎರಡು ಇಂಚಿನ ವ್ಯತ್ಯಾಸ ಎನಿಸುತ್ತದೆ. ಗಾಳಿ ಹೋಗುವ ಬಾಯಿ ಮಾತ್ರ ಎರಡೂಕಾಲು ಪಟ್ಟು ಹೆಚ್ಚು. 4 ಇಂಚಿನ ಪೈಪಿಗೆ 200 ಘನ ಅಡಿ ಗಾಳಿ ನುಗ್ಗಿಸಿದರೆ ಸೀಟಿ ಹೊಡೆದಂತೆ ಸದ್ದು, ಮೋಟಾರಿಗೆ ಭಾರ. 6 ಇಂಚೇ ಇರಲಿ. ಬಗ್ಗು ಆದಷ್ಟು ಕಡಿಮೆ ಇರಲಿ. ನಮ್ಮದು ಒಲೆಯ ಮೇಲಿನ ತಗಡಿನ ಹುಡ್‌ನಿಂದ ನೆಟ್ಟಗೆ ಮೇಲಕ್ಕೆ, ಒಟ್ಟು 9 ಅಡಿ. ಹುಡ್‌ನ ಕೆಳ ಅಂಚು ಗ್ಯಾಸ್ ಒಲೆಯಿಂದ ಎರಡೂವರೆ ಅಡಿ ಮೇಲಿದೆ.

ಪಿವಿಸಿ ಪೈಪು ಅಗ್ಗ ಎಂದು ಹಾಕಬೇಡಿ. ಬಿಸಿಗೆ ಮೆತ್ತಗಾಗುತ್ತದೆ, ಬೆಂಕಿ ಬಿದ್ದರೆ ಕೆಟ್ಟ ಹೊಗೆ ಬಿಡುತ್ತದೆ. ಅಸ್ತ್ರ ಒಲೆಯ ಹಳೇ ಕಲ್ನಾರಿನ ಕೊಳವೆ ಹಿತ್ತಲಲ್ಲಿ ಬಿದ್ದಿತ್ತು, ಅದನ್ನೇ ಕುಯ್ದು ಹಾಕೋಣ ಎಂದುಕೊಂಡಿದ್ದೆ. ಆದರೆ ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ವಿಷ, ಅದನ್ನು ಕುಯ್ಯಬಾರದು, ಒಡೆಯಬಾರದು. ಕಲಾಯಿ ತಗಡಿನ ಪೈಪು ತಂದೆ.

ಎರಡನೇ ತಪ್ಪು: ಹೆಂಚಿಗೆ ಸಿಮೆಂಟು

ಸೂರಿನಲ್ಲಿ ಜಾಗ ಹುಡುಕುವುದು ಕಷ್ಟವಾಗಲಿಲ್ಲ. ಅಸ್ತ್ರ ಒಲೆಯ ಕೊಳವೆ ಹೋಗುತ್ತಿದ್ದ ಜಾಗವೇ ಇತ್ತು, ಎರಡು ಜಂತೆಗಳ ನಡುವೆ, ಚಾವಣಿಯ ನೆತ್ತಿಯಿಂದ ಎರಡೇ ಹೆಂಚು ಕೆಳಗೆ. ಅಂದಿನ ಗಾರೆಯವನು ಜಂತೆ ಮುಟ್ಟದೆ ಒಂದು ರೀಪನ್ನು ಮಾತ್ರ ಕತ್ತರಿಸಿ, ಎರಡೂ ಕಡೆ ತುಂಡು ಮರ ಕೊಟ್ಟು ಕಟ್ಟಿದ್ದ. ನೀವೂ ಹಾಗೇ ಮಾಡಿ. ಪೈಪಿಗೋಸ್ಕರ ಜಂತೆಯನ್ನು ಎಂದೂ ಕತ್ತರಿಸಬೇಡಿ. ಜಂತೆ ಅಡ್ಡ ಬಂದರೆ ಹುಡ್ ಅನ್ನೇ ನಾಲ್ಕು ಇಂಚು ಸರಿಸಿ.

ನೆತ್ತಿಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಪೈಪಿನ ಮೇಲ್ಭಾಗದಲ್ಲಿ ಹೆಂಚು ಕಡಿಮೆ ಇದ್ದರೆ ಹರಿದು ಬರುವ ನೀರೂ ಕಡಿಮೆ. ಪೈಪೂ ಗಿಡ್ಡ ಸಾಕು.

2022ರ ಫೆಬ್ರವರಿಯಲ್ಲಿ ಪೈಪು ನಿಲ್ಲಿಸಿ, ಸುತ್ತಲೂ ಸಿಮೆಂಟು ಮೆತ್ತಿಸಿದೆ. ನೋಡಲು ಬಹಳ ಗಟ್ಟಿ. ಏಪ್ರಿಲ್ ಬಿಸಿಲಿಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಭರಣಿ ಮಳೆ ಗಾಳಿ ಸಮೇತ ಬಂದ ರಾತ್ರಿ ಪೈಪಿನ ಮೈಮೇಲೆ ನೀರು ಇಳಿದು ಒಲೆಯ ಮೇಲೆ ಸುರಿಯಿತು.

ಯಲಹಂಕ ಹಳೇ ಊರಿನ ತಗಡು ಕೆಲಸದವರೊಬ್ಬರನ್ನು ಕರೆತಂದೆ. ಸೂರು ಹತ್ತಿ ನೋಡಿ ಅವರು ಹೇಳಿದ ಮಾತು ಇದು: 'ಅಣ್ಣಾವ್ರೆ, ಹೆಂಚು ಬಿಸಿಲಿಗೆ ಆಡ್ತದೆ, ಪೈಪು ಬೇರೆ ಆಡ್ತದೆ. ಎರಡನ್ನೂ ಸಿಮೆಂಟಲ್ಲಿ ಕಟ್ಟಿದ್ರೆ ಸಿಮೆಂಟು ಸೀಳ್ತದೆ. ಇಲ್ಲಿ ತಗಡು ಹೆಂಚಿನ ಹಾಗೇ ಮಲಗಬೇಕು.'

ಅವರು ಮಾಡಿದ್ದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಡೀ ಕೆಲಸದ ಜೀವ ಇರುವುದು ಇಲ್ಲೇ.

ಮೊದಲು ಸಿಮೆಂಟು ಕಿತ್ತು, ನಾಲ್ಕು ಹೆಂಚು ತೆಗೆದರು. ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲದ ಕಲಾಯಿ ತಗಡಿನಲ್ಲಿ ಪೈಪು ಹೋಗುವಷ್ಟು ತೂತು ಮಾಡಿ, ತೂತಿನ ಸುತ್ತ ನಾಲ್ಕು ಇಂಚು ಎತ್ತರದ ಕೊರಳು ಬೆಸೆದರು. ಚಾವಣಿ ಇಳಿಜಾರಲ್ಲವೇ, ಕೊರಳು ಪೈಪಿನಂತೆ ನೆಟ್ಟಗೆ ನಿಲ್ಲುವ ಹಾಗೆ ಓರೆಯಾಗಿ ಬೆಸೆದರು. ತಗಡಿನ ಎಡ ಬಲ ಅಂಚನ್ನು ಒಂದು ಇಂಚು ಮೇಲಕ್ಕೆ ಮಡಿಸಿದರು, ನೀರು ಪಕ್ಕಕ್ಕೆ ಹೊರಳದಂತೆ. ತಗಡಿನ ಮೇಲಿನ ಅಂಚು ಮೇಲಿನ ಸಾಲಿನ ಹೆಂಚಿನ ಅಡಿಗೆ ಹೋಯಿತು. ಕೆಳಗಿನ ಅಂಚು ಕೆಳಗಿನ ಸಾಲಿನ ಹೆಂಚಿನ ಮೇಲೆ ಬಂತು. ಮೇಲಿನಿಂದ ಬಂದ ನೀರು ತಗಡಿನ ಮೇಲೆ ಹರಿದು ಕೆಳಗಿನ ಹೆಂಚಿನ ಮೇಲೆ ಬೀಳುತ್ತದೆ. ಒಳಗೆ ಬರಲು ಅದಕ್ಕೆ ದಾರಿಯೇ ಇಲ್ಲ. ಹೆಂಚು ಒಂದರ ಮೇಲೊಂದು ಕೂರುವ ನ್ಯಾಯವೇ ಇದು.

ಆಮೇಲೆ ಪೈಪನ್ನು ಕೊರಳಿನೊಳಗೆ ತೂರಿಸಿ, ಕೊರಳಿನ ಬಾಯಿ ಮುಚ್ಚುವಂತೆ ಪೈಪಿಗೆ ಕೊಡೆಯಾಕಾರದ ಒಂದು ಪಟ್ಟಿ ಬಿಗಿದರು. ಪೈಪು ಬಿಸಿಗೆ ಹಿಗ್ಗಿದರೂ ಕುಗ್ಗಿದರೂ ಪಟ್ಟಿ ಅದರ ಜೊತೆಯಲ್ಲೇ ಆಡುತ್ತದೆ, ತಗಡು ಅಲುಗುವುದಿಲ್ಲ. ಪೈಪಿನ ತುದಿ ಚಾವಣಿಯ ನೆತ್ತಿಗಿಂತ ಎರಡೂವರೆ ಅಡಿ ಮೇಲಿದೆ. ಗಾಳಿ ನೆತ್ತಿಗೆ ಹೊಡೆದು ಸುಳಿ ತಿರುಗುವ ಜಾಗದಿಂದ ಮೇಲಿರಬೇಕು, ಇಲ್ಲವಾದರೆ ಹೊಗೆ ತಿರುಗಿ ಒಳಕ್ಕೇ ಬರುತ್ತದೆ. ಮೂರು ಕಡೆ ತಂತಿ ಕಟ್ಟಿದ್ದಾರೆ.

ಟೋಪಿಯ ಲೆಕ್ಕವೂ ಇದೆ. ಪೈಪಿನ ಬಾಯಿಗೂ ಟೋಪಿಗೂ ನಡುವೆ ಪೈಪಿನ ಅಗಲದ ಕಾಲು ಭಾಗ, ಅಂದರೆ 6 ಇಂಚಿಗೆ ಒಂದೂವರೆ ಇಂಚು ಬಿಟ್ಟರೆ ಬಾಯಿಯಷ್ಟೇ ಜಾಗ ಸುತ್ತಲೂ ಸಿಗುತ್ತದೆ. ಅದು ತೀರಾ ಕನಿಷ್ಠ. ನಾವು 3 ಇಂಚು ಬಿಟ್ಟೆವು. ಗುಬ್ಬಿ, ಪಾರಿವಾಳ ಬಾರದಂತೆ ಅರ್ಧ ಇಂಚು ಕಣ್ಣಿನ ಜಾಲರಿ ಸಾಕು. ಸೊಳ್ಳೆ ಜಾಲರಿ ಹಾಕಿದರೆ ಜಿಡ್ಡು ಹಿಡಿದು ಎರಡೇ ತಿಂಗಳಲ್ಲಿ ಮುಚ್ಚಿಹೋಗುತ್ತದೆ.

ಪೈಪಿನ ತುಂಡುಗಳನ್ನು ಸೇರಿಸುವಾಗ ಮೇಲಿನ ತುಂಡು ಕೆಳಗಿನ ತುಂಡಿನ ಒಳಗೆ ಇಳಿಯಬೇಕು. ಹೊರಗೆ ಇಳಿದರೆ ಹಬೆ ನೀರಾಗಿ, ಜಿಡ್ಡಿನ ಜೊತೆ ಸೇರಿ ಸಂದಿಯಲ್ಲಿ ಅಟ್ಟಕ್ಕೆ ತೊಟ್ಟಿಕ್ಕುತ್ತದೆ. ಅಟ್ಟದ ಹಲಗೆ ದಾಟುವ ಕಡೆ ಮರಕ್ಕೂ ಪೈಪಿಗೂ ಎರಡು ಇಂಚು ಅಂತರ ಬಿಟ್ಟು ತಗಡಿನ ಬಿಲ್ಲೆ ಹಾಕಿದ್ದೇವೆ. ಇದು ಗ್ಯಾಸ್ ಒಲೆಯ ಮಾತು. ಕಟ್ಟಿಗೆ ಒಲೆಯ ಕೊಳವೆ ಬಹಳ ಬಿಸಿಯಾಗುತ್ತದೆ, ಅದನ್ನು ಮರದಿಂದ ಇನ್ನೂ ಬಹಳ ದೂರ ಇಡಬೇಕು. ಕಟ್ಟಿಗೆ ಒಲೆಯ ಹೊಗೆಯನ್ನು ಈ ಫ್ಯಾನಿನ ಪೈಪಿಗೆ ಸೇರಿಸಲೇಬಾರದು.

ಅಂದಿನಿಂದ ಇಲ್ಲಿಯವರೆಗೆ ಒಂದು ಹನಿ ನೀರು ಬಂದಿಲ್ಲ.

ಮೂರನೇ ತಪ್ಪು: ಒಳಗೆ ಬರುವ ಗಾಳಿ ಮರೆತದ್ದು

ಬೇಸಿಗೆ, ಮಳೆಗಾಲ ಎರಡೂ ಸುಖವಾಗಿ ಕಳೆದವು. ಮನೆಯವಳ ಕೆಮ್ಮು ಅರ್ಧಕ್ಕರ್ಧ ಇಳಿಯಿತು. ಧನುರ್ಮಾಸ ಬಂತು. ನಮ್ಮ ಕಡೆ ಆ ತಿಂಗಳು ಬೆಳಗಿನ ಜಾವವೇ ಎದ್ದು ಸ್ನಾನ, ಪೂಜೆ, ಹುಗ್ಗಿ. 2022ರ ಡಿಸೆಂಬರ್ ಚಳಿ, ಮುಂಬಾಗಿಲು, ಕಿಟಕಿ ಎಲ್ಲ ಹಾಕಿತ್ತು. ನಮ್ಮ ಮನೆಯವಳು ಹುಗ್ಗಿಗೆ ಇಟ್ಟು ಫ್ಯಾನ್ ಹಾಕಿದ್ದಾಳೆ. ಹಿಂದೆ ಬಚ್ಚಲಲ್ಲಿ ಹಂಡೆ ಒಲೆ ಉರಿದು ಕೆಂಡವಾಗಿದೆ. ಅಮ್ಮ ಸ್ನಾನಕ್ಕೆ ಹೋಗಿ ಚಿಲಕ ಹಾಕಿಕೊಂಡಿದ್ದಾರೆ.

ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದು. 'ಲೋ ಮಗಾ, ತಲೆ ಗಿರ್ ಅಂತೈತೆ ಕಣೋ' ಎಂದದ್ದು ಕೇಳಿಸಿತು. ಚಿಲಕ ತೆಗೆದವರು ಹೊಸಿಲ ಮೇಲೇ ಕುಸಿದರು. ಎತ್ತಿಕೊಂಡು ಅಂಗಳಕ್ಕೆ ತಂದು ಮಲಗಿಸಿದೆ. ತಲೆನೋವು, ವಾಂತಿ. ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಆಮ್ಲಜನಕ ಕೊಟ್ಟರು. ಸಂಜೆಗೆ ಸರಿಹೋದರು. 'ಬಚ್ಚಲಲ್ಲಿ ಏನು ಉರೀತಿತ್ತು?' ಎಂದು ಡಾಕ್ಟರು ಕೇಳಿದಾಗಲೇ ನನಗೆ ತಿಳಿದದ್ದು.

ಆದದ್ದು ಇಷ್ಟು. ಫ್ಯಾನ್ ನಿಮಿಷಕ್ಕೆ 200 ಘನ ಅಡಿ ಗಾಳಿಯನ್ನು ಸೂರಿನಾಚೆ ತಳ್ಳುತ್ತಿದೆ. ಅಷ್ಟೇ ಗಾಳಿ ಎಲ್ಲಿಂದಲಾದರೂ ಮನೆಯೊಳಕ್ಕೆ ಬರಲೇಬೇಕು. ಬಾವಿಯಿಂದ ನೀರು ಎತ್ತುತ್ತಿದ್ದರೆ ಒರತೆ ಬರಬೇಕಲ್ಲ, ಹಾಗೆ. ಬೇಸಿಗೆಯಲ್ಲಿ ಮುಂಬಾಗಿಲು ತೆರೆದಿರುತ್ತಿತ್ತು, ಅಲ್ಲಿಂದ ಬರುತ್ತಿತ್ತು. ಚಳಿಯಲ್ಲಿ ಎಲ್ಲ ಮುಚ್ಚಿದಾಗ ಉಳಿದದ್ದು ಒಂದೇ ದಾರಿ, ಹಂಡೆ ಒಲೆಯ ಹೊಗೆಕೊಳವೆ. ಮೇಲಕ್ಕೆ ಹೋಗಬೇಕಾದ ಹೊಗೆ ಕೆಳಕ್ಕೆ ಇಳಿದು, ಒಲೆಯ ಬಾಯಿಂದ ಬಚ್ಚಲಿಗೆ ಬಂದು, ಹಳೇ ಹಲಗೆ ಬಾಗಿಲ ಸಂದಿಯಲ್ಲಿ ಅಡುಗೆಮನೆಗೆ ಹೋಗುತ್ತಿತ್ತು. ನಡುವೆ ಅಮ್ಮ ಇದ್ದರು.

ಹಸಿ ಕಟ್ಟಿಗೆಯ ಹೊಗೆ ಆಗಿದ್ದರೆ ಕಣ್ಣಿಗೆ ಕಾಣುತ್ತಿತ್ತು, ಕೆಮ್ಮು ಬರುತ್ತಿತ್ತು. ಕೆಂಡದಿಂದ ಬರುವುದು ಕಾರ್ಬನ್ ಮೊನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತಕ್ಕೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ನಿದ್ದೆ ಬಂದ ಹಾಗೆ ಆಗುವುದು, ಆಮೇಲೆ ಎಚ್ಚರವೇ ಇಲ್ಲ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇಟ್ಟುಕೊಂಡವರಿಗೂ ಇದೇ ಅಪಾಯ. ಬಚ್ಚಲಿಗೆ ಗಾಳಿ ಇಲ್ಲದಿದ್ದರೆ ಫ್ಯಾನ್ ಬೇಡ, ಗೀಸರ್ ಒಂದೇ ಸಾಕು.

ಆಮೇಲೆ ಮಾಡಿದ ಬದಲಾವಣೆ ಮೂರು.

ಒಂದು, ಹಂಡೆ ಒಲೆಯ ಬಾಯಿಯನ್ನು ಬಚ್ಚಲಿನಿಂದ ಕಿತ್ತು ಹಿತ್ತಲ ಕಡೆಗೆ ತಿರುಗಿಸಿದೆ. ಈಗ ಹೊರಗೆ ಕೂತು ಸೌದೆ ಹಾಕುತ್ತೇವೆ, ಹಂಡೆ ಮಾತ್ರ ಒಳಗೆ. ಹಂಡೆಯ ಸುತ್ತ ಸಂದಿ ಇಲ್ಲದಂತೆ ಮಣ್ಣು, ಗಾರೆ ಮೆತ್ತಿದೆ. ಹಿಂದೆ ಎಷ್ಟೋ ಮನೆಗಳಲ್ಲಿ ಹೀಗೇ ಇತ್ತು. ಚಳಿಯಲ್ಲಿ ಹೊರಗೆ ಕೂರುವ ಕಷ್ಟಕ್ಕೆ ನಮ್ಮಪ್ಪನೇ ಒಳಗೆ ತಿರುಗಿಸಿದ್ದರು.

ಎರಡು, ನಡುಮನೆಯಿಂದ ಅಡುಗೆಮನೆಗೆ ಬರುವ ಬಾಗಿಲ ಕೆಳಭಾಗದ ಹಲಗೆ ತೆಗೆದು 18 ಇಂಚು ಅಗಲ, 12 ಇಂಚು ಎತ್ತರದ ಜಾಲರಿ ಹಾಕಿಸಿದೆ. ನಮ್ಮ ಲೆಕ್ಕಕ್ಕೆ ಒಂದು ಚದರ ಅಡಿ ಪೂರ್ತಿ ತೆರೆದ ಜಾಗ ಬೇಕು. ಜಾಲರಿಯ ತಂತಿಯೇ ಒಂದಷ್ಟು ಜಾಗ ತಿನ್ನುತ್ತದೆ ಎಂದು ಒಂದೂವರೆ ಚದರ ಅಡಿ ಮಾಡಿದೆ. ಪಡಸಾಲೆ ಕಿಟಕಿಯ ಒಂದು ಬಾಗಿಲು ಎಷ್ಟೇ ಚಳಿ ಇದ್ದರೂ ಮುಚ್ಚುವುದಿಲ್ಲ. ಪಡಸಾಲೆಗೂ ನಡುಮನೆಗೂ ನಡುವೆ ಬಾಗಿಲಿಲ್ಲದ ಕಾರಣ ಗಾಳಿ ಸಲೀಸಾಗಿ ಬರುತ್ತದೆ.

ಮೂರು, ಬಚ್ಚಲಿಗೂ ಅಡುಗೆಮನೆಗೂ ನಡುವಿನ ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಬಡಿದೆ. ಬಚ್ಚಲ ಹಿತ್ತಲು ಗೋಡೆಯಲ್ಲಿ ಮೇಲೊಂದು ಕಿಂಡಿ ಬಿಡಿಸಿದೆ.

ಊದುಬತ್ತಿ ಪರೀಕ್ಷೆ

ಇದನ್ನು ಇವತ್ತೇ ಮಾಡಿ ನೋಡಬಹುದು, ಖರ್ಚಿಲ್ಲ. ಚಳಿಗಾಲದ ರಾತ್ರಿ ಹಾಕುವ ಹಾಗೆ ಮನೆಯ ಎಲ್ಲ ಬಾಗಿಲು, ಕಿಟಕಿ ಹಾಕಿ. ಅಡುಗೆಮನೆ ಫ್ಯಾನ್ ಜೋರಾಗಿ ಓಡಲಿ. ಹಂಡೆ ಒಲೆ ಉರಿಸದೆ, ಅದರ ಬಾಯಿಯ ಹತ್ತಿರ ಹಚ್ಚಿದ ಊದುಬತ್ತಿ ಹಿಡಿಯಿರಿ. ಹೊಗೆ ಒಲೆಯೊಳಕ್ಕೆ ಹೋದರೆ ಸರಿ. ನಿಮ್ಮ ಮುಖದ ಕಡೆ ಬಂದರೆ ಆ ಮನೆಯಲ್ಲಿ ಒಲೆ ಮತ್ತು ಫ್ಯಾನ್ ಒಟ್ಟಿಗೆ ಓಡಬಾರದು. ಮೊದಲು ಗಾಳಿಗೆ ದಾರಿ ಮಾಡಿ, ಮತ್ತೆ ಪರೀಕ್ಷೆ ಮಾಡಿ. ಸರಿ ಬಂದ ಮೇಲೂ ಒಳಗೆ ಕೆಂಡ ಇರುವಾಗ ಕಿಟಕಿ ಪೂರ್ತಿ ಮುಚ್ಚಬೇಡಿ.

ಬೇರೆ ಸೂರಿನವರಿಗೆ

ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಕಲ್ಲು ಚಪ್ಪಡಿ ಹೊದಿಸಿದ ಮನೆಗಳಿವೆ. ಚಪ್ಪಡಿಯ ನಡುವೆ ತೂತು ಹೊಡೆಯಬೇಡಿ. ಕಲ್ಲು ಭಾರ ಹೊರುತ್ತದೆ, ಆದರೆ ಬಾಗುವುದಿಲ್ಲ, ನಡುವೆ ತೂತಾದರೆ ಅಲ್ಲೇ ಸೀಳಬಹುದು. ಹಳೇ ಗವಾಕ್ಷಿ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಗೋಡೆಯ ತಲೆಗೂ ಚಪ್ಪಡಿಗೂ ನಡುವೆ ಅಡ್ಡಕ್ಕೆ ಪೈಪು ತೆಗೆದು ಹೊರಗೆ ಮೇಲಕ್ಕೆ ಎತ್ತಿ.

ಮದ್ರಾಸ್ ತಾರಸಿಯಲ್ಲಿ ಮರದ ಜಂತೆಗಳ ಮೇಲೆ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆ ಹಾಕಿರುತ್ತಾರೆ. ಒಂದು ಇಟ್ಟಿಗೆ ಇನ್ನೊಂದನ್ನು ಒತ್ತಿ ಹಿಡಿದಿರುತ್ತದೆ. ಸುತ್ತಿಗೆಯಲ್ಲಿ ಬಡಿದು ತೂತು ಮಾಡಿದರೆ ಪಕ್ಕದವು ಸಡಿಲವಾಗುತ್ತವೆ. ಆ ಕೆಲಸ ಬಲ್ಲ ಗಾರೆಯವರೇ ಬೇಕು, ತೂತಿನ ಸುತ್ತ ಚೌಕಟ್ಟು ಕೊಡಬೇಕು. ಮೇಲೆ ಪೈಪಿನ ಸುತ್ತ ಆರು ಇಂಚು ಎತ್ತರದ ಕಟ್ಟೆ ಕಟ್ಟಿ, ಅದರ ಮೇಲೆ ತಗಡಿನ ಕೊಡೆ ಬರಬೇಕು. ನೀರು ನಿಲ್ಲುವ ಕಡೆ ತೂತು ಬೇಡ.

ಕಲ್ನಾರಿನ ಶೀಟಿನ ಚಾವಣಿಯಾದರೆ ಕುಯ್ಯಬೇಡಿ, ಆ ಒಂದು ಶೀಟನ್ನೇ ತೆಗೆಸಿ ತಗಡಿನ ಶೀಟು ಹಾಕಿಸಿ, ಅದರಲ್ಲಿ ಪೈಪು ತೆಗೆಯಿರಿ.

ಖರ್ಚು, ನಿಗಾ

ನಮಗೆ ಕೊನೆಗೆ ನಿಂತ ಕೆಲಸದ ಖರ್ಚು ಹೀಗಿದೆ:

ಬ್ಲೋವರ್ ಫ್ಯಾನ್: ರೂ. 3,800
ಕಲಾಯಿ ಪೈಪು, 9 ಅಡಿ: ರೂ. 2,200
ತಗಡು, ಕೊರಳು, ಟೋಪಿ: ರೂ. 1,400
ಬಾಗಿಲ ಜಾಲರಿ, ಹಂಡೆ ಒಲೆ ತಿರುಗಿಸಿದ್ದು: ರೂ. 2,500
ವೈರು, ಸ್ವಿಚ್ಚು: ರೂ. 900
ಕೂಲಿ: ರೂ. 2,400
ಒಟ್ಟು: ರೂ. 13,200

ಮೊದಲ ಎರಡು ಪ್ರಯತ್ನಕ್ಕೆ ಸುರಿದದ್ದು ಇದರಲ್ಲಿ ಸೇರಿಲ್ಲ. ಕರೆಂಟಿನ ಲೆಕ್ಕ: ನಮ್ಮದು 110 ವ್ಯಾಟ್. ದಿನಕ್ಕೆ ಮೂರು ಗಂಟೆ ಓಡಿದರೆ ತಿಂಗಳಿಗೆ ಸುಮಾರು ಹತ್ತು ಯೂನಿಟ್.

ತಿಂಗಳಿಗೊಮ್ಮೆ ಹುಡ್‌ನ ಜಾಲರಿಯನ್ನು ಬಿಸಿನೀರು, ಸೋಡಾ ಹಾಕಿ ತೊಳೆಯುತ್ತೇವೆ. ಆರು ತಿಂಗಳಿಗೊಮ್ಮೆ ಪೈಪಿನೊಳಗೆ ಹಗ್ಗಕ್ಕೆ ಗೋಣಿ ಸುತ್ತಿ ಎಳೆಯುತ್ತೇವೆ. ಜಿಡ್ಡು ಕಟ್ಟಿದ ಪೈಪಿಗೆ ಒಲೆಯ ಉರಿ ತಾಗಿದರೆ ಪೈಪೇ ಹತ್ತಿಕೊಳ್ಳುತ್ತದೆ. ಮುಟ್ಟುವ ಮುಂಚೆ ಸ್ವಿಚ್ ಆರಿಸಿ, ಅರ್ಥ್ ವೈರು ಇರುವುದನ್ನು ನೋಡಿಕೊಳ್ಳಿ. ಸೂರಿನ ಮೇಲಿನ ಕೆಲಸವನ್ನು ಸಂಕ್ರಾಂತಿ ಕಳೆದು ಮೊದಲ ಗುಡುಗಿನ ಮಳೆ ಬರುವುದರೊಳಗೆ ಮುಗಿಸಿ. ಹೆಂಚು ಒಣಗಿದ್ದಾಗ ಕಾಲು ಜಾರುವುದಿಲ್ಲ, ಒಡೆಯುವುದೂ ಕಡಿಮೆ.

ಒಂದೇ ಮಾತಿನಲ್ಲಿ

ಅಟ್ಟಕ್ಕೆ ಬಿಡಬೇಡಿ, ಪೂರ್ತಿ ಆಚೆ ಕಳಿಸಿ. ಹೆಂಚಿಗೆ ಸಿಮೆಂಟು ಮೆತ್ತಬೇಡಿ, ತಗಡನ್ನು ಹೆಂಚಿನಂತೆ ಮಲಗಿಸಿ. ಗಾಳಿ ಆಚೆ ಕಳಿಸುವ ಮುಂಚೆ ಒಳಗೆ ಬರುವ ದಾರಿ ತೆರೆಯಿರಿ. ಈ ಮೂರರಲ್ಲಿ ಕೊನೆಯದನ್ನು ಮೊದಲು ಮಾಡಿ.

ಅಮ್ಮ ಈಗ ಹಂಡೆಯ ಮುಂದೆ ಹಿತ್ತಲಲ್ಲೇ ಕೂತು ಸೌದೆ ಹಾಕುತ್ತಾರೆ. 'ಚಳಿ ಕಣೋ' ಎಂದು ಬೈಯುತ್ತಾರೆ. ಕಂಬಳಿ ಕೊಟ್ಟಿದ್ದೇನೆ. ನಮ್ಮ ಮನೆಯವಳ ಕೆಮ್ಮು ಪೂರ್ತಿ ಹೋಗಿಲ್ಲ, ಮೆಣಸಿನಕಾಯಿ ಹುರಿದ ದಿನ ಸ್ವಲ್ಪ ಬರುತ್ತದೆ. ಚಿಕ್ಕಪ್ಪ ಬಂದು ನೋಡಿ, 'ನಮ್ಮ ಪಾಲಿಗೂ ಒಂದು ಹಾಕಿಸ್ಕೊಡಪ್ಪ' ಎಂದಿದ್ದಾರೆ. ಅವರದೂ ಬಚ್ಚಲಲ್ಲೇ ಹಂಡೆ ಒಲೆ. ಫ್ಯಾನ್ ತರುವ ಮುಂಚೆ ಅದರ ಬಾಯಿ ತಿರುಗಿಸೋಣ ಎಂದು ಹೇಳಿದ್ದೇನೆ. ಸಂಕ್ರಾಂತಿ ಕಳೆದ ಮೇಲೆ ಆ ಕೆಲಸ.